ಗೋಡೆ ಬಿರುಕಿನ ಬೇರು ಸಿಕ್ಕಿದ್ದು ಹೇಗೆ

ರೋಣ, ನರಗುಂದದ ಎರೆ ಹೊಲಗಳು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತವೆ. ಅದೇ ಮಣ್ಣಿನ ಮೇಲೆ ಕಟ್ಟಿದ ಮನೆಗೂ ಅದೇ ಗತಿ. ಮೊದಲು ನೆಲ ಮತ್ತು ಗೋಡೆ ಕೂಡುವಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆ. ಬರಬರುತ್ತ ಅದು ಇರುವೆ, ಚೇಳು ನುಗ್ಗುವ ಸಂದಾಗುತ್ತದೆ. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಏಳುತ್ತದೆ. ಬೇಸಿಗೆಯಲ್ಲಿ ಬಿರುಕು ಅಗಲವಾಗಿದ್ದಾಗ ಸಿಮೆಂಟ್ ತುಂಬಿಸುತ್ತೇವೆ. ಮಳೆಗೆ ಎರೆ ಉಬ್ಬಿ ಗೋಡೆ ಮೊದಲಿನ ಜಾಗಕ್ಕೆ ಮರಳಲು ಹೋದರೆ ನಡುವೆ ಆ ಗಟ್ಟಿ ಸಿಮೆಂಟ್ ಅಡ್ಡ ಬರುತ್ತದೆ. ಗಿಲಾವು ಉದುರಿ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಕಲ್ಲು ಗರಸಿನ ಮೇಲೆ ಕೂತ ಮನೆಗಳಿಗೆ ಈ ಕಾಟವಿಲ್ಲ.

ಇದಕ್ಕೆ ಮೇಸ್ತ್ರಿಯನ್ನು ಬೈದು ಉಪಯೋಗವಿಲ್ಲ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ತೆಳು ಪದರಗಳ ನಡುವೆ ನೀರು ಎಳೆದುಕೊಂಡು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊರಗೋಡೆಯ ಕೆಳಗಿನ ಮಣ್ಣು ಬೇಗ ಒಣಗುತ್ತದೆ, ಮನೆ ನಡುವಿನದು ತೇವ ಹಿಡಿದಿರುತ್ತದೆ. ಒಂದು ಇಳಿದು ಇನ್ನೊಂದು ನಿಂತಲ್ಲಿ ಸಂದು ತೆರೆಯಲೇಬೇಕು.

ಹಾಗಾದರೆ ಈ ಮಣ್ಣನ್ನು ಅದುಮಿ ಹಿಡಿಯುವುದು ಹೇಗೆ? ಐಐಟಿ ಬಾಂಬೆಯ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರ ಕಣ್ಣಿಗೆ ಬಿದ್ದ ಸಂಗತಿ ಬಹಳ ಸೊಗಸಾದದ್ದು. ಎರೆಯ ಏರಿಳಿತವೆಲ್ಲ ಮೇಲಿನ ಸುಮಾರು 1 ಮೀಟರಿನಲ್ಲೇ ಮುಗಿಯುತ್ತದೆ. ಅದರ ಕೆಳಗಿನದೂ ಅದೇ ಮಣ್ಣು, ಆದರೂ ತೆಪ್ಪಗಿರುತ್ತದೆ. ಮೇಲಿನ ಭಾರದಿಂದ ಎನ್ನೋಣವೆಂದರೆ, 1 ಮೀಟರ್ ಮಣ್ಣಿನ ಭಾರ ಚದರ ಮೀಟರಿಗೆ 2 ಟನ್ನಿನ ಆಸುಪಾಸು. ಎರೆ ಉಬ್ಬುವ ಒತ್ತಡವೋ 20 ಟನ್ ದಾಟುವುದುಂಟು. ಲೆಕ್ಕ ಕೂಡುವುದಿಲ್ಲ.

ಲೆಕ್ಕ ಕೂಡದ ಈ ಜಾಗದಲ್ಲೇ ಉತ್ತರವಿತ್ತು. ದೊಡ್ಡ ತೊಟ್ಟಿಗಳಲ್ಲಿ ಎರೆ ತುಂಬಿ, ನೀರುಣಿಸಿ, ಬೇರೆ ಬೇರೆ ಆಳದಲ್ಲಿ ಅದು ಎಷ್ಟು ಏಳುತ್ತದೆಂದು ಅಳೆಯಲಾಯಿತು. ಕೆಳಗಿನ ಮಣ್ಣನ್ನು ಹಿಡಿದಿಡುವುದು ತೂಕವಲ್ಲ, ಮೇಲಿನ ಪದರದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಬಲ ಎಂಬ ನಿರ್ಣಯಕ್ಕೆ ಕಟ್ಟಿ ಬಂದರು. ಅಂದಮೇಲೆ ಆ 1 ಮೀಟರ್ ಎರೆ ತೆಗೆದು, ಅಂಟಿರುವ ಆದರೆ ಉಬ್ಬದ ಮಣ್ಣು ಹಾಕಿದರಾಯಿತು. ಮರಳು ಇದಕ್ಕೆ ಬಾರದು, ಅದಕ್ಕೆ ಅಂಟಿಲ್ಲ. ಉಬ್ಬದ ಜೇಡಿ ಬೆರೆತ ಗರಸು ಬೇಕು. ಈ ಹುಡುಕಾಟವನ್ನು ಅವರು 1979ರಲ್ಲಿ ಇಂಡಿಯನ್ ಜಿಯೋಟೆಕ್ನಿಕಲ್ ಜರ್ನಲ್‌ನಲ್ಲಿ ವಿಸ್ತಾರವಾಗಿ ಬರೆದರು.

ಉಪಾಯ ಹೊಲಕ್ಕಿಳಿದದ್ದು ನಮ್ಮ ಸೀಮೆಯಲ್ಲೇ. ನವಿಲುತೀರ್ಥದಿಂದ ನರಗುಂದದತ್ತ ಬರುವ ಮಲಪ್ರಭಾ ಬಲದಂಡೆ ಕಾಲುವೆಗೆ ಎರೆಯಲ್ಲಿ ಕಾಂಕ್ರೀಟ್ ಹೊದಿಕೆ ನಿಲ್ಲಿಸಲು ಈ ಬಗೆಯ ಮಣ್ಣಿನ ಪದರ ಬಳಸಿದರು. ಈಗ ಎರೆ ನೆಲದ ಕಾಲುವೆಗಳ ಬಗ್ಗೆ ಇರುವ ಭಾರತೀಯ ಮಾನಕ 9451ರಲ್ಲೂ ಇದು ಸೇರಿದೆ.

ಕಾಲುವೆಗೆ ಸಿಕ್ಕ ಈ ಉಪಚಾರ ಮನೆಗಳಿಗೂ ಸಿಗಲಿ. ಹೊಸ ಮನೆಗೆ ಬುನಾದಿ ತೋಡುವವರು ಎಂಜಿನಿಯರನ್ನು ಕೇಳಿ, ಬುನಾದಿಯ ಅಡಿಗೂ ನೆಲದ ಅಡಿಗೂ ಒಳ್ಳೆಯ ಗರಸು ಹಾಕಿ ತೇವದಲ್ಲಿ ಧಮಸು ಮಾಡಿಸಿ. ಹಳೆ ಮನೆಯಾದರೆ ಬಚ್ಚಲ ನೀರನ್ನು ಗೋಡೆಯಿಂದ ದೂರ ಹರಿಯಬಿಡಿ, ಸುತ್ತ ಗರಸು ಬಡಿದು ಹೊರಗಡೆ ಇಳಿಜಾರಾಗಿ ಫರಸಿ ಹಾಸಿ. ಬಿರುಕಿಗೆ ಸುಣ್ಣದ ಮೆತ್ತನೆ ಗಾರೆ ತುಂಬುವ ಕೆಲಸ ಇವೆಲ್ಲ ಆದ ಮೇಲೆ.