ಶಿರಹಟ್ಟಿಯವರ ಹಳೆಯ ರಾಜಧಾನಿಗೆ ಒಂದು ವಾರಾಂತ್ಯ

ಗದಗ ಜಿಲ್ಲೆಯ ಶಿರಹಟ್ಟಿ, ಬಾಗಲಕೋಟೆ ಜಿಲ್ಲೆಯ ತೇರದಾಳ, ಬೆಳಗಾವಿಗೆ ಅಂಟಿಕೊಂಡ ಶಹಾಪುರ: 1948ರವರೆಗೆ ಈ ಮೂರೂ ಊರುಗಳಿಗೆ ರಾಜಧಾನಿ ಒಂದೇ, ಕೃಷ್ಣೆಯ ದಂಡೆಯ ಸಾಂಗಲಿ. ಲಕ್ಷ್ಮೇಶ್ವರ ಆಗ ಅದರ ನೆರೆಯ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಈಗ ಉತ್ತರ ಕರ್ನಾಟಕದ ಜನ ಮಿರಜಿಗೆ ಹೋಗುವುದು ದವಾಖಾನೆಗೆ, ಸಾಂಗಲಿಗೆ ಹೋಗುವುದು ಅರಿಸಿನದ ಪೇಟೆಗೆ ಇಲ್ಲವೇ ಮದುವೆಯ ಬಂಗಾರಕ್ಕೆ. ಕೆಲಸ ಮುಗಿದರೆ ಸಂಜೆಯ ಗಾಡಿ ಹಿಡಿದು ಮರಳುತ್ತಾರೆ.

ಅನುಕೂಲವಿದ್ದವರು ರಜೆಯಲ್ಲಿ ವಿಯೆನ್ನಾಕ್ಕೋ ಪ್ರಾಗ್‌ಗೋ ಹೋಗಿ ಹಳೆಯ ದೊರೆಗಳ ಕೋಟೆ, ಸಂಗೀತ, ತಿನಿಸು, ಅಂಗಡಿಬೀದಿ ನೋಡಿ ಬರುತ್ತಾರೆ. ಅಂಥದೇ ಸುಖ ಬೆಳಗಾವಿಯಿಂದ ಸುಮಾರು ಮೂರು ತಾಸಿನ ರೈಲು ದಾರಿಯಲ್ಲಿದೆ. ಇಲ್ಲಿ ನೋಡುವುದರಲ್ಲಿ ನಮ್ಮ ಹಿರಿಯರ ಪಾಲೂ ಇದೆ ಎಂಬುದು ಹೆಚ್ಚಿನ ಸಂತೋಷ.

ಪಟವರ್ಧನರು ಕಟ್ಟಿದ ಊರು

ಸಾಂಗಲಿ, ಮಿರಜ ಎರಡರಲ್ಲಿ ಮಿರಜವೇ ಹಿರಿಯ ಊರು. ಹಳೆಯ ಶಾಸನಗಳಲ್ಲಿ ಇದು ‘ಮಿರಿಂಜೆ ಮೂರುಸಾವಿರ’ ನಾಡಿನ ಕೇಂದ್ರ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ 1024ರ ತಾಮ್ರಪಟಕ್ಕೆ ಈ ಊರಿನದೇ ಹೆಸರು. ಪೇಶ್ವೆಯರ ಕಾಲದಲ್ಲಿ ಮಿರಜ ಪಟವರ್ಧನ ಮನೆತನದ ಕೈಗೆ ಬಂತು. 1801ರಲ್ಲಿ ಮನೆ ಪಾಲಾದಾಗ ಚಿಂತಾಮಣರಾವ್ ಅಪ್ಪಾಸಾಹೇಬರು ಸಾಂಗಲಿಯನ್ನು ತಮ್ಮ ರಾಜಧಾನಿ ಮಾಡಿಕೊಂಡರು. ಗಣೇಶದುರ್ಗ ಕೋಟೆ, ಪೇಟೆಗಳು, ನದಿಯಂಚಿನ ಗಣಪತಿ ಗುಡಿ ಎಲ್ಲವೂ ಅವರ ಕಾಲದ ಕಟ್ಟೋಣ.

ಊರು ನೋಡುವುದನ್ನು ಈ ಗುಡಿಯಿಂದಲೇ ಶುರುಮಾಡಬೇಕು. ಗಣಪತಿ ಪಟವರ್ಧನರ ಮನೆದೇವರು. ಕೋಟೆಗೂ ಪೇಟೆಗೂ ಅವನದೇ ಹೆಸರು. ಗುಡಿಯಿಂದ ಘಾಟಿಗೆ ಇಳಿದರೆ 1929ರ ಐರ್ವಿನ್ ಸೇತುವೆ ಕಾಣುತ್ತದೆ. ಮಳೆಗಾಲದಲ್ಲಿ ಸಾಂಗಲಿಯವರು ಕೃಷ್ಣೆಯ ನೀರಿನ ಮಟ್ಟ ಕೇಳುವುದು ಈ ಸೇತುವೆಯ ಲೆಕ್ಕದಲ್ಲಿ. 2005 ಮತ್ತು 2019ರ ಮಹಾಪೂರದಲ್ಲಿ ನದಿ ಪೇಟೆಯೊಳಗೇ ಹೊಕ್ಕಿತ್ತು. ಪ್ರವಾಸಕ್ಕೆ ಜುಲೈ, ಆಗಸ್ಟ್ ಬಿಟ್ಟು ಉಳಿದ ತಿಂಗಳು ಒಳ್ಳೆಯದು.

ಕರ್ಕಿಯಿಂದ ಸಾಂಗಲಿಗೆ, ಸಾಂಗಲಿಯಿಂದ ಗದಗಿಗೆ

ಮಹಾರಾಷ್ಟ್ರದಲ್ಲಿ ನವೆಂಬರ್ 5 ಮರಾಠಿ ರಂಗಭೂಮಿ ದಿನ. 1843ರಲ್ಲಿ ಅದೇ ದಿನ ವಿಷ್ಣುದಾಸ ಭಾವೆ ಸಾಂಗಲಿಯ ದರಬಾರಿನಲ್ಲಿ ‘ಸೀತಾಸ್ವಯಂವರ’ ಆಡಿಸಿದರು. ಅದರ ಹಿಂದಿನ ವರ್ಷ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳ ಸಾಂಗಲಿಗೆ ಬಂದು ಆಟ ಆಡಿತ್ತು. ಅದನ್ನು ನೋಡಿ ಮೆಚ್ಚಿದ ಅಪ್ಪಾಸಾಹೇಬರು, ಇಂಥದನ್ನು ಮರಾಠಿಯಲ್ಲೂ ಮಾಡು ಎಂದು ತಮ್ಮ ಆಶ್ರಯದಲ್ಲಿದ್ದ ಭಾವೆಗೆ ಹೇಳಿದರು.

ಭಾವೆಯ ನಾಟಕಗಳ ಕಟ್ಟುವಿಕೆಯಲ್ಲಿ ಆ ಮೇಳದ ಗುರುತು ಉಳಿದಿದೆ. ಸೂತ್ರಧಾರ ಪದ ಹಾಡುತ್ತಿದ್ದ, ಪಾತ್ರಧಾರಿಗಳು ಮಾತನ್ನು ಸ್ಥಳದಲ್ಲೇ ಹೊಂದಿಸಿ ಆಡುತ್ತಿದ್ದರು. ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ವೇಷಧಾರಿ ಅರ್ಥ ಹೇಳುವ ಕ್ರಮವೂ ಇದೇ. ಮುಂದೆ ಮರಾಠಿ ನಾಟಕ ಮಂಡಳಿಗಳು ಗದಗ, ಹುಬ್ಬಳ್ಳಿ, ಧಾರವಾಡಗಳಲ್ಲಿ ಜನರನ್ನು ಸೆಳೆದವು. ನಮ್ಮ ಭಾಷೆಯಲ್ಲೂ ನಾಟಕ ನಡೆಯಬೇಕೆಂದು ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದರು. ಉತ್ತರ ಕನ್ನಡದಿಂದ ಹೊರಟ ಕಲೆ ಸಾಂಗಲಿಯನ್ನು ಹಾದು ಬೇರೆ ರೂಪದಲ್ಲಿ ಕನ್ನಡಕ್ಕೇ ಮರಳಿತು. ಸಾಂಗಲಿಯಲ್ಲಿ ಭಾವೆಯ ಹೆಸರಿನ ನಾಟ್ಯಮಂದಿರವಿದೆ. ನವೆಂಬರ್ 5ರ ಆಸುಪಾಸಿನಲ್ಲಿ ಹೋದರೆ ರಂಗಭೂಮಿಯ ಸಂಭ್ರಮವನ್ನು ಕಣ್ಣಾರೆ ಕಾಣಬಹುದು.

ಮಿರಜಿನ ತಂತಿ

ಎರಡನೆಯ ದಿನ ಮಿರಜಿಗೆ. ಸಾಂಗಲಿಯಿಂದ ಸುಮಾರು ಹತ್ತು ಕಿಲೋಮೀಟರ್. ಖ್ವಾಜಾ ಶಮನಾ ಮೀರಾ ಸಾಹೇಬರ ದರ್ಗಾದ ಹತ್ತಿರವೇ ಸಿತಾರ ಮಾಡುವವರ ಓಣಿ. ಇವರ ಪೂರ್ವಿಕರು ಶಿಕಲಗಾರರು, ಎಂದರೆ ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುವವರು. ಬ್ರಿಟಿಷರ ಆಳ್ವಿಕೆಯಲ್ಲಿ ಆಯುಧದ ಕೆಲಸ ಕುಗ್ಗಿದಾಗ, 19ನೇ ಶತಮಾನದ ನಡುವಿನಲ್ಲಿ, ಫರೀದಸಾಹೇಬ ಶಿಕಲಗಾರರು ತಂಬೂರಿ ಮಾಡಲು ಕೈಹಚ್ಚಿದರು. ಕಸುಬು ಮನೆತನದಲ್ಲಿ ಬೇರುಬಿಟ್ಟಿತು.

ಒಂದು ವಾದ್ಯ ಹುಟ್ಟುವುದನ್ನು ನಿಂತು ನೋಡಬೇಕು. ಪಂಢರಪುರದ ಸೀಮೆಯಲ್ಲಿ ಬೆಳೆದು ಒಣಗಿದ ದೊಡ್ಡ ಸೋರೆಬುರುಡೆಗಳು ಸೂರಿಗೆ ತೂಗುಬಿದ್ದಿರುತ್ತವೆ. ಬುರುಡೆ ಕೊಯ್ದು, ನೀರಿನಲ್ಲಿ ನೆನೆಸಿ ಹದಮಾಡಿ, ಕಟ್ಟಿಗೆಯ ಕೊರಳಿಗೆ ಕೂಡಿಸುತ್ತಾರೆ. ಆಮೇಲೆ ಕೆತ್ತನೆ, ಬಣ್ಣ, ತಂತಿ. ಕೊನೆಯ ಕೆಲಸ ಜವಾರಿ ಹಿಡಿಯುವುದು. ತಂತಿ ಕೂರುವ ಕುದುರೆಯ ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜುವುದು, ಮೀಟಿ ಕೇಳುವುದು, ಮತ್ತೆ ಉಜ್ಜುವುದು. ತಂತಿ ಆ ಮೈಯನ್ನು ಸವರಿಕೊಂಡು ಕಂಪಿಸಿದಾಗ ತಂಬೂರಿಯ ತುಂಬುನಾದ ಏಳುತ್ತದೆ. ಇದಕ್ಕೆ ಅಳತೆಪಟ್ಟಿ ಇಲ್ಲ, ಕುಶಲಕರ್ಮಿಯ ಕಿವಿಯೇ ಪ್ರಮಾಣ. 2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಎಲೆಕ್ಟ್ರಾನಿಕ್ ತಂಬೂರಿ ಮೊಬೈಲಿನಲ್ಲೇ ಸಿಗುವ ಈ ಕಾಲದಲ್ಲಿ ಮಾನ್ಯತೆಗಿಂತ ಹೆಚ್ಚಾಗಿ ಇವರಿಗೆ ಬೇಕಾದದ್ದು ವಾದ್ಯ ಕೊಳ್ಳುವವರು.

ದರ್ಗಾದ ಆವರಣದಲ್ಲಿ ಕಿರಾಣಾ ಘರಾಣೆಯ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿಯಿದೆ. ಉತ್ತರದ ಕೈರಾನಾದಲ್ಲಿ ಹುಟ್ಟಿದ ಖಾನಸಾಹೇಬರು ಮಿರಜಿನಲ್ಲಿ ನೆಲೆನಿಂತರು. 1937ರಲ್ಲಿ ಮದರಾಸಿನ ಕಡೆಯ ರೈಲು ಪ್ರಯಾಣದಲ್ಲಿ ತೀರಿಕೊಂಡಾಗ ದೇಹವನ್ನು ಇಲ್ಲಿಗೇ ತಂದರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡ ಸೀಮೆಯ ಕಿರಾಣಾ ಗಾಯನವನ್ನು ಹಿಂದಕ್ಕೆ ಹಿಡಿದು ಹೋದರೆ ಈ ಸಮಾಧಿಗೆ ಬಂದು ಮುಟ್ಟುತ್ತೇವೆ. ಉರುಸಿನಲ್ಲಿ ಖಾನಸಾಹೇಬರ ನೆನಪಿಗೆ ಹೆಸರಾಂತ ಕಲಾವಿದರು ಹಾಡುತ್ತಾರೆ, ನುಡಿಸುತ್ತಾರೆ. ರಾತ್ರಿಯಿಡೀ ಕೂತು ಕೇಳುವ ಮನಸ್ಸಿದ್ದವರು ಆ ದಿನಗಳನ್ನೇ ಆರಿಸಿಕೊಳ್ಳಬೇಕು.

ಊಟ ಮತ್ತು ಪೇಟೆ

ಜೋಳದ ಭಾಕರಿ, ಝುಣಕಾ, ಶೇಂಗಾ ಚಟ್ನಿ ಇರುವ ತಾಟು ನಮ್ಮವರಿಗೆ ಹೊಸದೇನಲ್ಲ. ಆದರೆ ಕೃಷ್ಣಾ ದಂಡೆಯ ಬದನೆಕಾಯಿಯ ಎಣಗಾಯಿಯನ್ನು ಇಲ್ಲೇ ಉಣ್ಣಬೇಕು. ಆ ಕಪ್ಪು ಮಣ್ಣು ಕೊಡುವ ಮೆತ್ತನೆ ಬೇರೆ ಕಡೆ ಬಾರದು. ಸಂಜೆಗೆ ಬೆಳ್ಳುಳ್ಳಿ, ಕೆಂಪು ಖಾರ, ಶೇಂಗಾ ಬೆರೆಸಿದ ಚುರುಮುರಿ, ಎಂದರೆ ಭಡಂಗ. ಸಿಹಿಗಾಗಿ ನರಸೋಬನ ವಾಡಿಗೆ ಹೋಗಿಬರಬಹುದು: ಕೃಷ್ಣೆ, ಪಂಚಗಂಗೆ ಕೂಡುವ ಆ ದತ್ತಕ್ಷೇತ್ರದಲ್ಲಿ ಬಾಸುಂದಿ, ಪೇಡೆ ಸಾಲಾಗಿ ಮಾರಾಟಕ್ಕಿವೆ.

ಪೇಟೆಯಲ್ಲಿ ಮೊದಲ ಮಾತು ಅರಿಸಿನದ್ದು. 2018ರಲ್ಲಿ ಸಾಂಗಲಿ ಅರಿಸಿನಕ್ಕೆ ಭೌಗೋಳಿಕ ಸೂಚಿ ಬಂತು; ಒಣದ್ರಾಕ್ಷಿಗೆ 2016ರಲ್ಲೇ ಬಂದಿತ್ತು. ಬೆಳಗಾವಿ ಜಿಲ್ಲೆಯ ರೈತರ ಅರಿಸಿನವೂ ವಿಜಯಪುರದ ಒಣದ್ರಾಕ್ಷಿಯೂ ಈ ಕಡೆಯ ಸವಾಲಿಗೆ ಬರುವುದುಂಟು. ಕೃಷ್ಣಾ-ವಾರಣಾ ಸಂಗಮದ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕಾಪಿಡುತ್ತಿದ್ದರು. 2005ರ ಮಹಾಪೂರ ಅವುಗಳಿಗೆ ನುಗ್ಗಿ ಭಾರಿ ಹಾನಿ ಮಾಡಿತು. ಗಣಪತಿ ಪೇಠೆಯಲ್ಲಿ ಅರಿಸಿನ, ಒಣದ್ರಾಕ್ಷಿ ಕೊಂಡು, ಬಂಗಾರದ ಅಂಗಡಿಗಳತ್ತಲೂ ಹೋಗಬಹುದು. ಗಾಡಗೀಳ ಮನೆತನದ ಚಿನಿವಾರಿಕೆ ಸಾಂಗಲಿಯಲ್ಲಿ ಶುರುವಾದದ್ದು 1832ರಲ್ಲಿ.

ಒಂದು ದಿನ ಹೆಚ್ಚಿಗೆ

ಸಾಂಗಲಿಯ ವಿಶ್ರಾಮಬಾಗಿನ ವಿಲಿಂಗ್ಡನ್ ಕಾಲೇಜು ತೆರೆದದ್ದು 1919ರಲ್ಲಿ. ರಂ.ಶ್ರೀ. ಮುಗಳಿ ಅಲ್ಲಿ ಕನ್ನಡ ಕಲಿಸಿದರು, ವಿ.ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 1956ನೇ ಇಸವಿಯಲ್ಲೇ ರಾಜ್ಯಗಳ ಗಡಿ ಹೊಸದಾಗಿ ಬಿತ್ತು. ಅಲ್ಲಿಂದೀಚೆಗೆ ಎರಡೂ ಕಡೆ ಜಗಳದ ಮಾತೇ ಗಟ್ಟಿಯಾಗಿ ಕೇಳುತ್ತದೆ, ಕೊಡುಕೊಳೆಯ ಕಥೆ ಹಿಂದೆ ಬಿದ್ದಿದೆ. ಮಿರಜಿನ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುವುದು ಇಂದಿಗೂ ಸಾಮಾನ್ಯ.

ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ದಾರಿಯಾಗಿ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಮಿರಜಿಗೆ ಮುಟ್ಟಿಸುತ್ತದೆ. ಮುಂದೆ ದವಾಖಾನೆಗೋ ಪೇಟೆಗೋ ಹೋಗುವ ಪ್ರಸಂಗ ಬಂದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಮ್ಮ ಶಾಲೆ, ಕಾಲೇಜುಗಳು ಪ್ರವಾಸದ ಪಟ್ಟಿಯಲ್ಲಿ ಈ ಜೋಡಿ ಊರುಗಳನ್ನು ಸೇರಿಸಲಿ. ಸಂಗೀತ ಕಲಿಯುವ ಮಗು ಮನೆಯಲ್ಲಿದ್ದರೆ ಅದನ್ನು ಕರೆದುಕೊಂಡು ಹೋಗಿ ಸಿತಾರ ಓಣಿಯಲ್ಲಿ ಒಂದು ತಂಬೂರಿ ಮಾಡಿಸಿ. ಆ ಒಂದು ಖರೀದಿಯಿಂದ ಮಿರಜಿನ ಕಸುಬಿಗೂ ನಮ್ಮ ಗಾಯನಕ್ಕೂ ಮುಂದಿನ ತಲೆಮಾರು ಸಿಗುತ್ತದೆ.