ಉಮ್ಮತ್ತೂರು: ಶಾಸನದ ಸಾಕ್ಷ್ಯ ಮತ್ತು ನೆಲದ ಸಾಕ್ಷ್ಯ

ಚಾಮರಾಜನಗರ ಸೀಮೆಯ ಉಮ್ಮತ್ತೂರು ಕ್ರಿ. ಶ. 15ನೆಯ ಶತಮಾನದಲ್ಲಿ ಪ್ರಬಲರಾಗಿದ್ದ ಅರಸರ ರಾಜಧಾನಿ. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಇವರ ಶಾಸನಗಳನ್ನು ಕಾಣುತ್ತೇವೆ. ‘ಪೆನುಗೊಂಡ ಚಕ್ರೇಶ್ವರ’ ಎಂಬುದು ಇವರು ಧರಿಸಿದ ಬಿರುದುಗಳಲ್ಲೊಂದು. ಇಷ್ಟರಿಂದಲೇ ಪೆನುಗೊಂಡೆಯು ಇವರಿಗೆ ಅಧೀನವಾಗಿತ್ತೆಂದು ನಿರ್ಣಯಿಸಲಾಗದು. ಬಿರುದು ಹಂಬಲವನ್ನು ಸಾರುವುದೂ ಉಂಟು. ಆಳ್ವಿಕೆಯ ಎಲ್ಲೆಯನ್ನು ಬೇರೆ ಆಧಾರಗಳಿಂದ ಗೊತ್ತುಮಾಡಬೇಕು. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ಕೆಲವೇ ವರ್ಷಗಳಲ್ಲಿ ಇಲ್ಲಿನ ಗಂಗರಾಜನ ಮೇಲೆ ದಂಡೆತ್ತಿ ಶಿವನಸಮುದ್ರದ ಕೋಟೆಯನ್ನು ಹಿಡಿದನು.

ಅರಸನ ದತ್ತಿಯನ್ನು ಹೇಳುವ ಕಲ್ಲು, ಊರಿನ ಜನ ಯಾವ ಮಡಕೆಯಲ್ಲಿ ಅಟ್ಟು ಉಂಡರು, ಯಾವ ಧಾನ್ಯ ಬೆಳೆದರು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಅದನ್ನು ನೆಲದಿಂದಲೇ ಅರಿಯಬೇಕು. ಜನವಸತಿಯಿದ್ದೆಡೆ ಬೂದಿ, ಮೂಳೆ, ಮಡಕೆ ಚೂರುಗಳು ಪದರ ಪದರವಾಗಿ ಕೂಡುತ್ತವೆ. ಕದಡದ ನೆಲದಲ್ಲಿ ಕೆಳಗಿನ ಪದರ ಹಿಂದಿನದು, ಮೇಲಿನದು ಈಚಿನದು. ಆದುದರಿಂದ ವಸ್ತುವಿಗಿಂತಲೂ ಅದು ದೊರೆತ ಪದರ, ಅದರೊಡನೆ ದೊರೆತ ಇತರ ವಸ್ತುಗಳು ಮುಖ್ಯ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ನಡೆಸಿದ ಉತ್ಖನನ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ನಯಗೊಳಿಸಿದ ಕಲ್ಲುಕೊಡಲಿಯ ಸಂಸ್ಕೃತಿ ಕೆಳಗೆ, ಕಬ್ಬಿಣವನ್ನು ಬಳಸಿದ ಬೃಹತ್‌ಶಿಲಾ ಸಂಸ್ಕೃತಿ ಅದರ ಮೇಲೆ, ಆಂಧ್ರ ಸಂಸ್ಕೃತಿ ಅದಕ್ಕೂ ಮೇಲೆ ಕಂಡುಬಂದವು. ಕಲ್ಲುಕೊಡಲಿಯ ಜನರನ್ನು ವ್ಹೀಲರ್ ಅವರು ಕ್ರಿ. ಪೂ. ಮೊದಲನೆಯ ಸಹಸ್ರಮಾನಕ್ಕೆ ಸೇರಿಸಿದರು. ಮುಂದೆ ಬೇರೆ ನೆಲೆಗಳ ಇದ್ದಲನ್ನು ರೇಡಿಯೋ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ, ದಕ್ಷಿಣದ ನವಶಿಲಾಯುಗ ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಕಾಲದ ಊಹೆ ಬದಲಾಯಿತು. ಪದರಗಳ ಅನುಕ್ರಮ ಮಾತ್ರ ಹಾಗೆಯೇ ನಿಂತಿತು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ದಾಖಲಿಸಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ಉಮ್ಮತ್ತೂರಿಗೆ ದೂರವಲ್ಲದ ತಿರುಮಕೂಡಲು ನರಸೀಪುರದಲ್ಲಿ ಡಾ. ಎಂ. ಶೇಷಾದ್ರಿಯವರು 1960ರ ಆಸುಪಾಸಿನಲ್ಲಿ ಅಗೆಯಿಸಿದಾಗ ನವಶಿಲಾಯುಗದ ನೆಲೆಯೂ ಶವಸಂಸ್ಕಾರದ ಕುರುಹುಗಳೂ ದೊರೆತವು. ಅರಸರ ಶಾಸನಗಳಿಗಿಂತ ಮೂರು ಸಾವಿರ ವರ್ಷಗಳಷ್ಟು ಹಿಂದೆಯೇ ಈ ಸೀಮೆಯಲ್ಲಿ ಜನ ನೆಲೆಸಿದ್ದರೆಂಬುದನ್ನು ತಿಳಿಸಿದ್ದು ನೆಲವೇ.

ಹಾಳೂರಿನ ದಿಬ್ಬಗಳ ಮಣ್ಣು ಫಲವತ್ತಾದುದೆಂದು ಹೊಲಗಳಿಗೆ ಸಾಗುವುದುಂಟು. ಒಮ್ಮೆ ಕದಡಿದ ಪದರವನ್ನು ಮತ್ತೆ ಕೂಡಿಸಲಾಗದು. ಕಲ್ಲಿನ ಶಾಸನ ಒಡೆದರೂ ಅದರ ಅಚ್ಚುಪ್ರತಿ ಉಳಿಯಬಹುದು. ನೆಲದ ಶಾಸನಕ್ಕೆ ಪ್ರತಿಯಿಲ್ಲ. ವಿದ್ಯಾರ್ಥಿಗಳು ತಮ್ಮ ಊರಿನ ದಿಬ್ಬಗಳಲ್ಲಿ ಚೂರುಗಳನ್ನು ಕಂಡರೆ ಅವುಗಳನ್ನು ಆಯ್ದು ತರದೆ, ಸ್ಥಳವನ್ನು ಗುರುತಿಸಿ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಯುಕ್ತವೆಂದು ಭಾವಿಸುತ್ತೇವೆ.