ನಿಮಗಿದು ಗೊತ್ತೆ? ಒಳಗಿದ್ದರೆ ಉಸಿರು, ಹೊರಬಂದರೆ ಸಾವು

ಸೈಟೊಕ್ರೋಮ್ ಸಿ ನಮ್ಮ ಜೀವಕೋಶಗಳಲ್ಲಿರುವ ಒಂದು ಪುಟ್ಟ ಪ್ರೋಟೀನು. 104 ಅಮೈನೊ ಆಮ್ಲಗಳ ಸರ, ನಡುವೆ ಕಬ್ಬಿಣದ ಒಂದು ಪರಮಾಣು. ಇದರ ನೆಲೆ ಮೈಟೊಕಾಂಡ್ರಿಯದ ಎರಡು ಪೊರೆಗಳ ನಡುವಿನ ಇಕ್ಕಟ್ಟಾದ ಜಾಗ. ಅಲ್ಲಿ ಅದು ಎಲೆಕ್ಟ್ರಾನುಗಳನ್ನು ದಾಟಿಸುತ್ತಿರುತ್ತದೆ. ಉಂಡ ಅನ್ನ ಶಕ್ತಿಯಾಗಲು ಈ ದುಡಿಮೆ ಬೇಕೇ ಬೇಕು.

ಆದರೆ ಕೋಶದ ಡಿಎನ್‌ಎ ರಿಪೇರಿಯಾಗದಷ್ಟು ಹಾಳಾದರೆ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರಗಳು ಬೀಳುತ್ತವೆ, ಸೈಟೊಕ್ರೋಮ್ ಸಿ ಕೋಶರಸಕ್ಕೆ ಸೋರುತ್ತದೆ. ಪ್ರೋಟೀನು ಅದೇ, ಬದಲಾದದ್ದು ಜಾಗ ಮಾತ್ರ. ಈಗ ಅದು ಏಪಾಫ್-1 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಇಂಥ ಏಳು ಜೋಡಿಗಳು ಕೂಡಿ ಒಂದು ಚಕ್ರವಾಗುತ್ತವೆ. ಆ ಚಕ್ರ ಕ್ಯಾಸ್ಪೇಸ್ ಎಂಬ ಕತ್ತರಿಸುವ ಕಿಣ್ವಗಳನ್ನು ಎಚ್ಚರಿಸುತ್ತದೆ. ಅಲ್ಲಿಗೆ ಕೋಶ ಸುತ್ತಲಿನವಕ್ಕೆ ತೊಂದರೆ ಕೊಡದೆ ಅಚ್ಚುಕಟ್ಟಾಗಿ ಸಾಯುತ್ತದೆ.

1996ರಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಷಿಯಾವೊಡಾಂಗ್ ವಾಂಗ್ ಅವರ ತಂಡ ಸೈಟೊಕ್ರೋಮ್ ಸಿ ಕೋಶದ ಸಾವಿಗೆ ಚಾಲನೆ ಕೊಡುತ್ತದೆಂದು ಪತ್ತೆ ಮಾಡಿತು. ಉಸಿರಾಟದ ಪ್ರೋಟೀನಿಗೆ ಇಂಥ ಇನ್ನೊಂದು ಮುಖವಿದೆಯೆಂದು ಯಾರು ಊಹಿಸಿದ್ದರು!

ಹಲವು ಕ್ಯಾನ್ಸರ್ ಕೋಶಗಳು ಬಿಸಿಎಲ್-2 ಎಂಬ ಪ್ರೋಟೀನನ್ನು ಹೆಚ್ಚಿಸಿಕೊಂಡು ಈ ಸೋರಿಕೆಯನ್ನು ತಡೆದು ಬದುಕುಳಿಯುತ್ತವೆ. ಕೆಲವು ರಕ್ತಕ್ಯಾನ್ಸರ್‌ಗಳಿಗೆ ಕೊಡುವ ವೆನೆಟೊಕ್ಲಾಕ್ಸ್ ಮಾತ್ರೆ ಆ ತಡೆಯನ್ನೇ ತೆರವು ಮಾಡುತ್ತದೆ.